ಮೊಸುಲ್ ಬೋಗುಣಿಗೆ ಹೊಲಿದ ದಿಂಬು

ಧಾತ್ರಿ, ಋತ್ವಿಕ್,

ನಿಮ್ಮಿಬ್ಬರಿಗೂ ಕನ್ನಡ ಓದಲು ಬರುತ್ತದೆ, ಸ್ವಲ್ಪ ನಿಧಾನವಾಗಿ. ಪರ್ತ್‌ನ ವಿಲೆಟನ್ನಿನ ಭಾನುವಾರದ ಕನ್ನಡ ತರಗತಿಗೆ ನಿಮ್ಮನ್ನು ಎಳೆದುಕೊಂಡು ಹೋಗುತ್ತಿದ್ದವಳು ನಾನೇ. ಒತ್ತಕ್ಷರ ಬಂದಾಗಲೆಲ್ಲ ಋತ್ವಿಕ್ ಪೆನ್ಸಿಲ್ ಕೆಳಗಿಟ್ಟು ಮುಷ್ಕರ ಹೂಡುತ್ತಿದ್ದ. ಅದಕ್ಕಾಗಿ ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯುತ್ತೇನೆ. ಎಲ್ಲಾದರೂ ತೊಡಕಾದರೆ ಅಮ್ಮನ ಹತ್ತಿರ ಓದಿಸಿಕೊಳ್ಳಿ.

ಹೋದ ವಾರ ಧಾತ್ರಿ ಫೋನ್ ಮಾಡಿದ್ದಳು. ಬ್ರಿಸ್ಬೇನಿನಲ್ಲಿ ಪ್ರದರ್ಶನದ ವಸ್ತುಗಳನ್ನು ಜೋಡಿಸುವ, ಬಿಚ್ಚುವ, ಕಟ್ಟುವ ಕೆಲಸಕ್ಕೆ ಅವಳನ್ನು ತೆಗೆದುಕೊಂಡಿದ್ದಾರೆ. "ಅಜ್ಜಿ, ಯು ಡಿಡ್ ದಿಸ್ ಫಾರ್ ಇಯರ್ಸ್. ವಾಟ್ ವಾಸ್ ಇಟ್ ರಿಯಲಿ ಲೈಕ್?" ಎಂದು ಕೇಳಿದಳು. "ಚೆನ್ನಾಗಿತ್ತಮ್ಮ" ಅಂದೆ. ಅವಳು, "ದಟ್ಸ್ ಇಟ್?" ಅಂದಳು. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎದುರಿಗೆ ಕೂತರೂ ಅಷ್ಟಕ್ಕಷ್ಟೇ. ಹಾಗಾಗಿ ಬರೆಯಲು ಕೂತಿದ್ದೇನೆ.

ನಾನು ಶಿರಾ ಕಡೆಯ ಹಳ್ಳಿಯವಳು. ಏಳನೆಯ ತರಗತಿಯವರೆಗೆ ಊರಿನ ಶಾಲೆಯಲ್ಲೇ ಓದಿದೆ. ಇತಿಹಾಸವೆಂದರೆ ರಾಜರ ಹೆಸರುಗಳನ್ನು ನಿಂತು ಒಪ್ಪಿಸುವುದು. ಒಬ್ಬ ಗೆದ್ದ, ಅವನ ಮಗ ಆಳಿದ, ಮೊಮ್ಮಗ ಸೋತ, ಇನ್ನೊಬ್ಬ ಬಂದ. ಮಧ್ಯದಲ್ಲಿ ಒಂದು ಹೆಸರು ಬಿಟ್ಟುಹೋದರೆ ಬೆಂಚಿನ ಮೇಲೆ ನಿಲ್ಲಬೇಕು. ಆ ರಾಜರು ಏನು ಉಣ್ಣುತ್ತಿದ್ದರು, ಯಾವುದರಲ್ಲಿ ಕೈ ತೊಳೆಯುತ್ತಿದ್ದರು ಎಂದು ಯಾರೂ ಹೇಳಲಿಲ್ಲ. ಅದನ್ನು ನಾನು ತಿಳಿದದ್ದು ಪರ್ತ್‌ಗೆ ಬಂದಮೇಲೆ, ವೆಲ್ಷ್‌ಪೂಲ್‌ನ ತಗಡಿನ ಶೆಡ್ಡಿನಲ್ಲಿ.

ನಿಮ್ಮ ತಾತ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರು ಹೋದಮೇಲೆ ಕೆಲವು ವರ್ಷ ನಾನು ಊರಿನಲ್ಲೇ ರವಿಕೆ, ಕೌದಿ ಹೊಲಿದುಕೊಂಡಿದ್ದೆ. ಆಮೇಲೆ ಶೈಲಾ, ಅಂದರೆ ನಿಮ್ಮ ಅಮ್ಮ, ನನ್ನನ್ನು ಇಲ್ಲಿಗೆ ಕರೆಸಿಕೊಂಡಳು. ಅವಳು ಕ್ಲಿನಿಕ್ಕಿಗೆ, ನಿಮ್ಮ ಅಪ್ಪ ಆಫೀಸಿಗೆ, ನೀವು ಶಾಲೆಗೆ ಹೊರಟ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದೊಂದೇ ಉಳಿಯುತ್ತಿತ್ತು. ಒಂದು ದಿನ ಶೈಲಾ ಬಂದವಳೇ ಚಪ್ಪಲಿ ಬಿಡುತ್ತ ಕೇಳಿದಳು.

"ಅಮ್ಮ, ಒಂದ್ ಕೆಲ್ಸ ಇದೆ. ಹೋಗ್ತೀಯಾ?"

"ಏನ್ ಕೆಲ್ಸ?"

"ದಿಂಬು ಹೊಲಿಯೋದು. ಮ್ಯೂಸಿಯಂ ಸಾಮಾನು ಪ್ಯಾಕ್ ಮಾಡೋ ಜಾಗ. ಅಲ್ಲಿನ ಓನರ್ ನಂಗೆ ಗೊತ್ತಿರೋರು, ಜೂಡಿ ಅಂತ. ಹೊಲಿಯೋರು ಸಿಗ್ತಿಲ್ಲ ಅಂತ ಗೊಣಗ್ತಿದ್ರು."

"ನಂಗೆ ಇಂಗ್ಲಿಷ್ ಬರಲ್ವಲ್ಲೇ."

"ದಿಂಬಿಗೂ ಬರಲ್ಲ ಬಿಡು."

ಹೀಗೆ ಶುರುವಾಯಿತು.

ಜೂಡಿ ದಪ್ಪ ಭುಜದ, ಸಣ್ಣ ಕಣ್ಣಿನ ಹೆಂಗಸು. ಮೊದಲ ದಿನ ನನ್ನ ಹೆಸರು ಕೇಳುವ ಮೊದಲು ಕೈ ತೋರಿಸು ಅಂದಳು. ಬಳೆ ನೋಡಿ ತಲೆಯಾಡಿಸಿದಳು. ಬಳೆ, ಉಂಗುರ, ಸರ, ಕೈಗಡಿಯಾರ ಯಾವುದೂ ಶೆಡ್ಡಿನೊಳಗೆ ಬರಬಾರದು, ವಸ್ತುವಿಗೆ ತಾಗುತ್ತದೆ. ಬಳೆ ತೆಗೆಯುವಾಗ ನನಗೆ ಹೇಗೆ ಹೇಗೋ ಆಯಿತು. ಜೂಡಿಗೆ ಅದು ಅರ್ಥವಾಯಿತೋ ಇಲ್ಲವೋ, ಒಂದು ಸಣ್ಣ ಹತ್ತಿಯ ಚೀಲ ಕೊಟ್ಟು, "ಸಂಜೆ ಇದರಿಂದಲೇ ತೆಗೆದು ಹಾಕಿಕೋ" ಅಂದಳು. ಕೊನೆಯ ದಿನದವರೆಗೂ ಹಾಗೇ ಮಾಡಿದೆ.

ಧಾತ್ರಿ, ನಿನಗೆ ಅವರು ಮೊದಲು ಕಲಿಸುವುದು ವಸ್ತುವನ್ನು ಒಬ್ಬರಿಂದ ಒಬ್ಬರು ತೆಗೆದುಕೊಳ್ಳುವ ರೀತಿ. ಎರಡೂ ಕೈ ಕೆಳಗೆ. ಹಿಡಿಕೆ ಇದ್ದರೂ ಹಿಡಿಕೆಯಲ್ಲಿ ಎತ್ತಬಾರದು, ಅದೇ ಮೊದಲು ಮುರಿಯುವುದು. ತೆಗೆದುಕೊಂಡವರು "ಐ ಹ್ಯಾವ್ ಇಟ್" ಎಂದು ಗಟ್ಟಿಯಾಗಿ ಹೇಳಬೇಕು. ಆಮೇಲೆ ಮಾತ್ರ ಕೊಟ್ಟವರು ಕೈ ಬಿಡಬೇಕು. ನನಗೆ ಎಲ್ಲ ಬಂತು, ಗಟ್ಟಿಯಾಗಿ ಹೇಳುವುದು ಬರಲಿಲ್ಲ. ನಾನು ಹೇಳಿದ್ದು ನನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಸುಣ್ಣದ ಗಾರೆಯಲ್ಲಿ ಮಾಡಿದ ಒಂದು ಶಿಲ್ಪದ ತಲೆಯನ್ನು ಹಿಡಿದು ನಾವಿಬ್ಬರೂ, ಕೊಟ್ಟವನೂ ನಾನೂ, ಬಹಳ ಹೊತ್ತು ಹಾಗೇ ನಿಂತಿದ್ದೆವು. ಅವನಿಗೆ ಬಿಡಬೇಕೋ ಬೇಡವೋ ತಿಳಿಯದು. ಜೂಡಿ ಬಂದು, "ಇಬ್ಬರೂ ಮದುವೆ ಫೋಟೋಗೆ ನಿಂತಿದ್ದೀರಾ?" ಅಂದಳು. ಆಮೇಲೆ ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಕೈಗೆ ಕೊಟ್ಟು ಕೂಗಿಸಿದಳು. ಪಕ್ಕದ ಟೈರ್ ಅಂಗಡಿಯವರು ನೋಡಿ ನಗುತ್ತಿದ್ದರು. ಆ ವಾರವೆಲ್ಲ ಮನೆಯಲ್ಲೂ ಶೈಲಾ ಸಾರಿನ ಪಾತ್ರೆ ಕೊಟ್ಟರೆ "ಐ ಹ್ಯಾವ್ ಇಟ್" ಎನ್ನುತ್ತಿದ್ದೆ.

ಇನ್ನೊಂದು ಪಾಠ, ಪೆಟ್ಟಿಗೆ ಬಂದ ತಕ್ಷಣ ತೆಗೆಯಬಾರದು. ದೂರದ ಚಳಿ ದೇಶದಿಂದ ಬಂದ ವಸ್ತು ನಮ್ಮ ಬೇಸಿಗೆಯ ಗಾಳಿಗೆ ಒಗ್ಗಬೇಕು. ಲಾರಿಗಳ ವೇಳೆ ನೋಡಿಕೊಳ್ಳುತ್ತಿದ್ದ ಸತೀಶನಿಗೆ ಇದು ತಲೆನೋವು. ಅವನು ಮೈಸೂರಿನ ಎಂಜಿನಿಯರ್, ಸ್ಕಿಲ್ಡ್ ವೀಸಾದಲ್ಲಿ ಬಂದವನು, ಮಾತಿನ ಮಲ್ಲ. "ಓಪನ್ ಮಾಡ್ಬಿಡೋಣ ಆಂಟಿ, ಒಳ್ಗಡೆ ಏನು ಐಸ್‌ಕ್ರೀಮ್ ಇದ್ಯಾ" ಅನ್ನುವನು. ಜೂಡಿ ಮಾತ್ರ ಒಪ್ಪುತ್ತಿರಲಿಲ್ಲ. "ಅದಕ್ಕೂ ಜೆಟ್ ಲ್ಯಾಗ್ ಆಗಿದೆ, ಮಲಗಲಿ ಬಿಡು" ಅನ್ನುವಳು.

ನಾನು ಸೇರಿದಾಗ ಎಲ್ಲರೂ ಬಿಳಿ ಹತ್ತಿಯ ಕೈಗವಸು ಹಾಕುತ್ತಿದ್ದರು. ಆಮೇಲೆ ಹತ್ತಿ ಜಾರುತ್ತದೆ, ಎಳೆ ಸಿಕ್ಕಿಕೊಳ್ಳುತ್ತದೆ ಎಂದು ನೀಲಿ ರಬ್ಬರಿನವು ಬಂದವು. ಸ್ಪಂಜಿನ ಹಾಳೆಯನ್ನು ಚಾಕುವಿನಲ್ಲಿ ಕೊರೆಯುತ್ತಿದ್ದೆವು, ಈಗ ಯಂತ್ರ ಕೊರೆಯುತ್ತದೆ. ದಾರಿಯಲ್ಲಿ ಪೆಟ್ಟಿಗೆ ಎಲ್ಲಿ ಕುಲುಕಿತು ಎಂದು ಹೇಳುವ ಗುಂಡಿಯಷ್ಟು ಸಣ್ಣ ಸಾಧನಗಳು ಬಂದಿವೆ. ಆದರೆ ಗುಂಡಗಿರುವ, ಅಂಚು ನಾಜೂಕಾದ ವಸ್ತುಗಳಿಗೆ ಇನ್ನೂ ಬಟ್ಟೆಯ ದಿಂಬೇ ಬೇಕು. ತೊಳೆದ ಮಾದರಪಾಟ ಎಂಬ ಒರಟು ಹತ್ತಿಬಟ್ಟೆ, ಒಳಗೆ ಮೆತ್ತನೆಯ ನಾರು, ಹೊಲಿಗೆಯ ಗಂಟು ಒಳಮುಖಕ್ಕೆ. ಅದು ನನ್ನ ಕೆಲಸ. ಮಧ್ಯದಲ್ಲಿ ನನ್ನ ಹುದ್ದೆಯ ಹೆಸರು ಬದಲಾಯಿತು, ಜೂಡಿ ಹೊಸ ಬ್ಯಾಡ್ಜ್ ಕೊಟ್ಟಳು. ದಿಂಬು ಅದೇ ದಿಂಬು.

ಈಗ ಆ ಪ್ರದರ್ಶನದ ವಿಷಯಕ್ಕೆ ಬರುತ್ತೇನೆ. ಧಾತ್ರಿಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ.

ಯುರೋಪಿನ ಒಂದು ಸಂಗ್ರಹಾಲಯದಿಂದ ಹಳೆಯ ಇಸ್ಲಾಮಿ ಸಾಮ್ರಾಜ್ಯಗಳ ವಸ್ತುಗಳು ಬಂದವು. ಮೊದಲು ಪರ್ತ್, ಆಮೇಲೆ ಅಡಿಲೇಡ್, ಕೊನೆಗೆ ಬ್ರಿಸ್ಬೇನ್. ವಸ್ತುಗಳ ಜೊತೆಗೆ ಅವುಗಳನ್ನು ಕಾಯಲು ಇಂಗ್ರಿಡ್ ಎಂಬ ತಜ್ಞೆ ಬಂದಳು. ಎತ್ತರದ ಆಳು, ಕಡಿಮೆ ಮಾತು, ಕುತ್ತಿಗೆಯಲ್ಲಿ ಸದಾ ಒಂದು ಭೂತಗನ್ನಡಿ. ಅವಳು ಬಿಚ್ಚಿದಂತೆ ನಾನು ಪಕ್ಕದಲ್ಲಿ ನಿಂತು ಅಳತೆ ತೆಗೆದುಕೊಳ್ಳುತ್ತಿದ್ದೆ. ಶಾಲೆಯಲ್ಲಿ ಯಾರೂ ಕಲಿಸದ ಇತಿಹಾಸ ಒಂದೊಂದು ಪೆಟ್ಟಿಗೆಯಿಂದ ಎದ್ದು ಬಂತು.

ಮೊದಲ ಪೆಟ್ಟಿಗೆ ಡಮಾಸ್ಕಸ್ಸಿನ ಉಮಯ್ಯದ್ ಖಲೀಫರ ಕಾಲದ್ದು. ಮುಖವಿಲ್ಲದ, ಬರೀ ಅಕ್ಷರಗಳ ನಾಣ್ಯ. ಅವರು ಸೋತಾಗ ಮನೆತನದ ಒಬ್ಬ ತಪ್ಪಿಸಿಕೊಂಡು ಸ್ಪೇನಿನವರೆಗೆ ಹೋಗಿ ಅಲ್ಲಿ ಹೊಸ ರಾಜ್ಯ ಕಟ್ಟಿದನಂತೆ. ಎರಡನೆಯದು ಅವರನ್ನು ಸೋಲಿಸಿದ ಅಬ್ಬಾಸಿಯರದು. ಬಾಗ್ದಾದ್ ಕಟ್ಟಿದವರು. ಚೀನಾದ ಬಿಳಿ ಪಿಂಗಾಣಿ ನೋಡಿ ಆಸೆಪಟ್ಟು ತಮ್ಮ ಮಣ್ಣಿಗೇ ಬಿಳಿ ಹೊಳಪು ಕೊಟ್ಟು ಮಾಡಿದ ಬಟ್ಟಲು. ಆಮೇಲೆ ಕೈರೋದ ಫಾತಿಮಿಯರು, ಅವರ ನಂತರ ಗುಲಾಮರಾಗಿ ಕೊಳ್ಳಲ್ಪಟ್ಟು ಸುಲ್ತಾನರೇ ಆಗಿಬಿಟ್ಟ ಮಾಮಲೂಕರು. ಅವರ ಮಸೀದಿಯ ಗಾಜಿನ ದೀಪ ನೀಲಿ, ಕೆಂಪು, ಚಿನ್ನದ ಬಣ್ಣದ್ದು, ನೋಡಿದರೆ ಉಸಿರು ಬಿಡಲೂ ಅಂಜಿಕೆ. ಕೊನೆಯ ಪೆಟ್ಟಿಗೆಯಲ್ಲಿ ಬೀದರಿನ ಬಹಮನಿ ಕಾಲದ ಒಂದು ಹೆಂಚಿನ ಚೂರು. ಪಟ್ಟಿಯಲ್ಲಿ ಬೀದರ್ ಹೆಸರು ನೋಡಿ ಸತೀಶ ನನ್ನ ಹತ್ತಿರ ಓಡಿಬಂದ.

"ಆಂಟಿ, ನಮ್ಮೂರವ್ರೂ ಬಂದಿದಾರೆ."

"ಬೀದರ್ ಎಲ್ಲಿ, ಮೈಸೂರು ಎಲ್ಲೋ?"

"ಪರ್ತಿಂದ ನೋಡಿದ್ರೆ ಎಲ್ಲಾ ಒಂದೇ ಕಾಂಪೌಂಡು." ಆಮೇಲೆ ಸಾಲಾಗಿ ನಿಂತ ಪೆಟ್ಟಿಗೆಗಳನ್ನು ನೋಡಿ, "ಒಂದೊಂದ್ ಕ್ರೇಟಲ್ಲೂ ಒಂದೊಂದ್ ಸರ್ಕಾರ ಬಿದ್ದೋಗಿದೆ. ನಾವು ಬೀಳಿಸ್ದೆ ಇದ್ರೆ ಸಾಕು" ಅಂದ.

ನಡುವಿನ ಪೆಟ್ಟಿಗೆಯಲ್ಲಿ ಮೊಸುಲ್ ಪಟ್ಟಣದ ಹಿತ್ತಾಳೆ ಬೋಗುಣಿ ಇತ್ತು. ಕೈ ತೊಳೆಯುವ ಬೋಗುಣಿ. ಮೈಯೆಲ್ಲ ಬೆಳ್ಳಿಯ ಎಳೆ ಕೂರಿಸಿದ ಚಿತ್ರ. ಬೇಟೆಗಾರರು, ವಾದ್ಯದವರು, ಒಂಟೆ. ಅಂಚಿನ ಸುತ್ತ ಅರಬ್ಬಿ ಅಕ್ಷರ. ಆ ಬೋಗುಣಿಗೆ ಗಾಜಿನ ಪೆಟ್ಟಿಗೆಯೊಳಗೆ ನಿಲ್ಲಲು ಲೋಹದ ಆಸರೆ ಮಾಡಬೇಕಿತ್ತು. ಅದಕ್ಕಾಗಿ ಜೂಡಿ ತೆಗೆದುಕೊಂಡಿದ್ದವನೇ ಯೂನಸ್.

ಯೂನಸ್ ಮೊಸುಲ್‌ನವನೇ. ಅವನ ಅಪ್ಪ, ಅಜ್ಜ ಇಬ್ಬರೂ ಅಲ್ಲಿನ ಕಂಚುಗಾರರ ಬೀದಿಯಲ್ಲಿ ಅಂಗಡಿ ಇಟ್ಟಿದ್ದವರು. ಯುದ್ಧದಲ್ಲಿ ಆ ಬೀದಿ ನೆಲಸಮವಾಯಿತು. ಇಲ್ಲಿ ಬಂದು ಅವನು ಒಂದು ಸರ್ವೋದಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ವರ್ಷಗಟ್ಟಲೆ ಕಾರು ತೊಳೆದಿದ್ದ. ಮತ್ತೆ ಲೋಹ ಮುಟ್ಟುವ ಕೆಲಸ ಸಿಕ್ಕಿದ್ದು ಇದೇ ಮೊದಲು, ಅದೂ ಪರೀಕ್ಷೆಯ ಮೇಲೆ. ಮೂರೂ ಊರು ಮುಗಿದ ಮೇಲೆ ನೋಡೋಣ ಎಂದು ಜೂಡಿ ಹೇಳಿದ್ದಳು. ಸರಿಹೋಗದಿದ್ದರೆ ಮತ್ತೆ ಸರ್ವೋ.

ಬೋಗುಣಿ ಬಿಚ್ಚಿದ ದಿನ ಅವನು ಹತ್ತಿರ ಬಂದು ಅಂಚಿನ ಅಕ್ಷರಗಳನ್ನು ಕಷ್ಟಪಟ್ಟು ಓದಿದ. ನಮ್ಮ ಒಡೆಯನಿಗೆ ಕೀರ್ತಿ, ರಾಜನಿಗೆ, ಜ್ಞಾನಿಗೆ, ನ್ಯಾಯವಂತನಿಗೆ ಕೀರ್ತಿ ಎಂದು ಬರೆದಿದೆಯಂತೆ.

"ಯಾವ ರಾಜ?" ಎಂದು ಸತೀಶ ಕೇಳಿದ.

"ಹೆಸರಿಲ್ಲ. ಅಂಗಡಿಯಲ್ಲಿಟ್ಟು ಮಾರುವ ಮಾಲು. ಯಾರು ಕೊಂಡರೋ ಅವರೇ ರಾಜ." ಇಂಗ್ರಿಡ್ ನಕ್ಕಿದ್ದನ್ನು ಅವತ್ತು ಮೊದಲ ಸಲ ನೋಡಿದೆ. ಅವನು ಅದರಿಂದ ಧೈರ್ಯ ತಂದುಕೊಂಡು, ಕಪ್ಪಾಗಿದ್ದ ಒಂದು ಬೆಳ್ಳಿಯ ಎಳೆ ತೋರಿಸಿ, "ಇದನ್ನು ನಮ್ಮಪ್ಪ ಚಿಟಿಕೆಯಲ್ಲಿ ಹೊಳೆಯುವಂತೆ ಮಾಡುತ್ತಿದ್ದರು. ನಾನು ಮಾಡಲೇ?" ಎಂದ. ಇಂಗ್ರಿಡ್ ನಗು ನಿಂತುಹೋಯಿತು. "ಇದಕ್ಕೆ ಯಾರೂ ಏನೂ ಹಚ್ಚಬಾರದು" ಅಂದಳು. ಅವನು ಸರಿ ಎಂದು ಹಿಂದೆ ಸರಿದ.

ಪರ್ತ್ ಪ್ರದರ್ಶನ ಚೆನ್ನಾಗಿ ನಡೆಯಿತು. ನೀವೂ ಬಂದಿದ್ದಿರಿ. ಋತ್ವಿಕ್ ಗಾಜಿಗೆ ಮೂಗು ಒತ್ತಿ ಗುರುತು ಮಾಡಿದ್ದ. ಮುಗಿದ ಮೇಲೆ ಅಡಿಲೇಡಿಗೆ ಕಟ್ಟಬೇಕಾದಾಗ ಬೋಗುಣಿಗೂ ದೀಪಕ್ಕೂ ನಾನು ಹೊಸ ದಿಂಬುಗಳನ್ನು ಹೊಲಿದೆ. ನಮ್ಮಲ್ಲಿ ಹೊಸ ಬಟ್ಟೆಯನ್ನು ಹಾಗೇ ಬಳಸುವುದಿಲ್ಲ. ಒಂದು ಮೂಲೆಗೆ ಚೂರು ಅರಿಶಿನ ಮುಟ್ಟಿಸಿ ಆಮೇಲೆ ಮೈಗೆ ಹಾಕಿಕೊಳ್ಳುತ್ತೇವೆ. ನಿಮ್ಮ ಶಾಲೆಯ ಯೂನಿಫಾರಂ ಕಾಲರಿನ ಒಳಗೂ ಹಚ್ಚಿ ನಿಮ್ಮಿಂದ ಬೈಸಿಕೊಂಡವಳು ನಾನು. ಅದುವರೆಗೆ ಶೆಡ್ಡಿನಲ್ಲಿ ಹಳೆಯ ದಿಂಬುಗಳಿಗೆ ಕವಚ ಬದಲಾಯಿಸುತ್ತಿದ್ದೆ ಅಷ್ಟೆ. ಇವು ನಾನು ಮೊದಲಿಂದ ಕೊನೆಯವರೆಗೆ ಮಾಡಿದ ಹೊಸ ದಿಂಬುಗಳು. ಅಷ್ಟು ದೂರ ಹೋಗುವಂಥವು, ಅಷ್ಟು ಹಳೆಯ ಜೀವಗಳನ್ನು ಹೊರುವಂಥವು. ಮನೆಯಿಂದ ಪೊಟ್ಟಣ ಕಟ್ಟಿಕೊಂಡು ಹೋಗಿ ಪ್ರತಿಯೊಂದರ ಕೆಳಮೂಲೆಗೂ ಒಣ ಅರಿಶಿನ ಮುಟ್ಟಿಸಿದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ಇತ್ತು ಮನಸ್ಸಿನಲ್ಲಿ.

ಅಡಿಲೇಡಿನಲ್ಲಿ ನಾನು ಬ್ಲೇರ್ ಅಥಾಲ್‌ನ ನಿಮ್ಮ ಭಾರತಿ ಅತ್ತೆಯ ಮನೆಯಲ್ಲಿ ಉಳಿದಿದ್ದೆ. ಪೆಟ್ಟಿಗೆ ತೆಗೆಯುವ ಬೆಳಿಗ್ಗೆ ಎಲ್ಲರೂ ಸೇರಿದ್ದೆವು. ಇಂಗ್ರಿಡ್ ಬೋಗುಣಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಭೂತಗನ್ನಡಿ ತೆಗೆದಳು. ಆಮೇಲೆ ಅದನ್ನು ಮೆಲ್ಲಗೆ ಇಟ್ಟು, ಜೂಡಿಯನ್ನು ಬಿಟ್ಟು ಉಳಿದವರೆಲ್ಲ ಹೊರಗೆ ಹೋಗಿ ಅಂದಳು.

ಮೊಗಸಾಲೆಯ ಬೆಂಚಿನಲ್ಲಿ ಕೂತೆವು. ಸತೀಶ ಬಾಗಿಲ ಹತ್ತಿರ ಹೋಗಿ ಬಂದು ಹೋಗಿ ಬಂದು ಸುದ್ದಿ ತಂದ.

"ಆಂಟಿ, ಒಳ್ಗಡೆ ಸೀರಿಯಸ್ಸಾಗಿದೆ. ಬೋಗುಣಿ ಬೆಳ್ಳಿ ಮೇಲೆ ಏನೋ ಹಳದಿ ಹತ್ಕೊಂಡಿದ್ಯಂತೆ. ಯಾರೋ ಪಾಲಿಶ್ ಹಾಕಿದಾರೆ ಅಂತಿದಾರೆ ಇಂಗ್ರಿಡ್." ದನಿ ತಗ್ಗಿಸಿ, "ಯೂನಸ್ ಮೇಲೆ ಡೌಟು. ಅವತ್ತು ಕೇಳಿದ್ನಲ್ಲ" ಅಂದ.

ಯೂನಸ್‌ಗೆ ಕನ್ನಡ ತಿಳಿಯದಿದ್ದರೂ ಅವನ ಹೆಸರು ತಿಳಿಯಿತು. ಅಷ್ಟರಲ್ಲಿ ಜೂಡಿಯೇ ಹೊರಗೆ ಬಂದು ಅವನ ಮುಂದೆ ನಿಂತಳು.

"ಅದಕ್ಕೆ ಏನಾದರೂ ಹಚ್ಚಿದೆಯಾ?"

"ಇಲ್ಲ."

"ಹೊಳಪು ಕೊಡೋಣ ಅಂತ?"

"ಕೇಳಿದೆ. ಬೇಡ ಅಂದರು. ಬಿಟ್ಟೆ." ಅವನು ಎದ್ದು ನಿಲ್ಲಲಿಲ್ಲ, ದನಿ ಏರಿಸಲಿಲ್ಲ. "ಜೂಡಿ, ಅದು ನಮ್ಮೂರಿನ ಬೋಗುಣಿ. ನಾನು ಹಾಳು ಮಾಡುತ್ತೇನಾ?"

"ನಾನು ನಂಬುತ್ತೇನೆ. ನಾನು ನಂಬಿದರೆ ಸಾಲದು." ಜೂಡಿ ಒಳಗೆ ಹೋದಳು.

ನಾನು ಸತೀಶನಿಗೆ ಹಳದಿ ಎಂದರೆ ಎಂಥ ಹಳದಿ ಎಂದು ಕೇಳಿದೆ. ಅವನು ಇಂಗ್ರಿಡ್ ಕಳಿಸಿದ್ದ ಫೋಟೋಗಳನ್ನು ಫೋನಿನಲ್ಲಿ ತೋರಿಸಿದ. ಒಂದರಲ್ಲಿ ಬೋಗುಣಿಯ ಅಂಚು, ಇನ್ನೊಂದರಲ್ಲಿ ದಿಂಬಿನ ಮೂಲೆ.

"ಅದು ಅರಿಶಿನ ಕಣೋ. ನಾನಿಟ್ಟಿದ್ದು."

ಸತೀಶ ನನ್ನನ್ನೂ ಫೋನನ್ನೂ ನೋಡಿದ. "ಮ್ಯೂಸಿಯಂ ದಿಂಬಿಗೆ ಅರಿಶಿನ ಇಟ್ರಾ?"

"ಹೊಸ ದಿಂಬಲ್ವಾ."

"ಕುಂಕುಮಾನೂ ಇಟ್ಟಿದೀರಾ?"

"ಇಲ್ಲಪ್ಪ. ಕಲೆ ಆಗುತ್ತೆ ಅಂತ ಇಡ್ಲಿಲ್ಲ."

ಅವನಿಗೆ ನಗು ಬಂತು, ಹೆದರಿಕೆಯೂ ಬಂತು. "ನೀವ್ ಇಲ್ಲೇ ಕೂತಿರಿ ಆಂಟಿ, ನಾನ್ ಹೋಗಿ ಎಕ್ಸ್‌ಪ್ಲೇನ್ ಮಾಡ್ತೀನಿ" ಅಂದ. ಅವನು ವಿವರಿಸತೊಡಗಿದರೆ ವೇದಕಾಲದಿಂದ ಶುರು ಮಾಡುತ್ತಾನೆ. ಅಷ್ಟು ಹೊತ್ತು ಯೂನಸ್ ಆ ಬೆಂಚಿನಲ್ಲಿ ಹಾಗೆ ಕೂತಿರಬೇಕಾಗುತ್ತದೆ. ನಾನೇ ಎದ್ದು ಬಾಗಿಲು ತಟ್ಟಿದೆ.

"ದಟ್ ಇಸ್ ಮೈ ಯೆಲ್ಲೋ" ಅಂದೆ. ಇಂಗ್ರಿಡ್‌ಗೆ ಕೇಳಿಸಲಿಲ್ಲ. ಹಿತ್ತಿಲಿನಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಕೂಗಿದ ಹಾಗೆ ಇನ್ನೊಮ್ಮೆ ಹೇಳಿದೆ. "ಟರ್ಮರಿಕ್. ಫಾರ್ ಕುಕಿಂಗ್. ಅಂಡ್ ಫಾರ್ ನ್ಯೂ ಕ್ಲಾತ್."

"ಬೇಕೆಂದೇ ಹಚ್ಚಿದಿರಾ?"

"ಯೆಸ್. ಎವ್ರಿ ಪಿಲ್ಲೋ."

ಜೂಡಿ ಕಣ್ಣು ಮುಚ್ಚಿಕೊಂಡಳು. ಇಂಗ್ರಿಡ್ ಒಂದು ಹತ್ತಿಕಡ್ಡಿಯಲ್ಲಿ ದಿಂಬಿನ ಕಲೆಯನ್ನು ಒರೆಸಿ, ಅದರ ಮೇಲೆ ಸೀಸೆಯಿಂದ ಕ್ಷಾರದ ಒಂದು ಹನಿ ಬಿಟ್ಟಳು. ಹಳದಿ ಕೆಂಪಾಯಿತು. ನಾವು ಆರತಿ ನೀರಿಗೆ ಸುಣ್ಣ ಹಾಕಿದಾಗ ಆಗುವ ಅದೇ ಕೆಂಪು. ಅವಳಿಗೂ ಅದು ಗೊತ್ತಿತ್ತು, ಹಚ್ಚಿದ್ದು ಏನೆಂದು ತಿಳಿಯಲು ಪರೀಕ್ಷೆಗೆ ಆಗಲೇ ಸಿದ್ಧಮಾಡಿಕೊಂಡಿದ್ದಳು. ಬೋಗುಣಿಯ ಮೇಲಿನದನ್ನೂ ಒರೆಸಿ ನೋಡಿದಳು. ಅದೂ ಕೆಂಪು. ಬಿಚ್ಚುವಾಗ ಕೈಗವಸಿನಿಂದ ಅಂಚಿಗೆ ಹತ್ತಿತ್ತು, ಒರೆಸಿದರೆ ಪೂರಾ ಹೋಯಿತು, ಬೆಳ್ಳಿಗೆ ಏನೂ ಆಗಿರಲಿಲ್ಲ.

ಅವಳು ನೇರವಾಗಿ ಮೊಗಸಾಲೆಗೆ ನಡೆದು ಯೂನಸ್ ಮುಂದೆ ನಿಂತಳು. "ನಾನು ತಪ್ಪು ತಿಳಿದೆ. ಕ್ಷಮಿಸಿ" ಅಂದಳು. ಮೇಲಿನವರು ಕೆಳಗಿನವರಿಗೆ ಹಾಗೆ ನೇರ ಹೇಳಿದ್ದನ್ನು ನಾನು ನನ್ನ ಕೆಲಸದಲ್ಲಿ ಹೆಚ್ಚು ಕಂಡಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಅಡುಗೆಯ ಪದಾರ್ಥ ವಸ್ತುವಿನ ಹತ್ತಿರ ಬಂದರೆ ಹುಳು ಬರುತ್ತದೆ, ಬಟ್ಟೆಯ ವಸ್ತುವಿಗೆ ತಾಗಿದ್ದರೆ ಆ ಕಲೆ ಹೋಗುತ್ತಲೇ ಇರಲಿಲ್ಲ. ಇಂಗ್ರಿಡ್ ನಮ್ಮ ದಿಂಬುಗಳನ್ನೆಲ್ಲ ತೆಗೆಸಿದಳು. ಹೊಸದಾಗಿ, ತನ್ನ ಕಣ್ಣ ಮುಂದೆ, ಬೇರೆ ಬಟ್ಟೆಯಲ್ಲಿ ಮಾಡಿ ತೋರಿಸಿ, ಒಪ್ಪಿಗೆಯಾಗದಿದ್ದರೆ ಬೋಗುಣಿಯೂ ದೀಪವೂ ಅಡಿಲೇಡಿನಿಂದಲೇ ವಾಪಸ್ಸು ಹೋಗುತ್ತವೆ ಅಂದಳು. ಜೂಡಿ ನನ್ನನ್ನು ಪಕ್ಕಕ್ಕೆ ಕರೆದಳು.

"ಅವೆರಡು ಬ್ರಿಸ್ಬೇನಿಗೆ ಹೋಗದಿದ್ದರೆ ಅಲ್ಲಿ ಆಸರೆ ಮಾಡುವ ಕೆಲಸವೇ ಇರುವುದಿಲ್ಲ. ಯೂನಸ್‌ನನ್ನು ನಾನು ಇಟ್ಟುಕೊಳ್ಳಲು ಆಗುವುದಿಲ್ಲ. ತಿಳಿಯಿತಾ?"

ತಿಳಿಯಿತು.

ಸಂಜೆ ಭಾರತಿ, "ಅದಕ್ಯಾಕ್ ಅಷ್ಟ್ ತಲೆಬಿಸಿ, ನಮ್ಮನೇಲೇ ಮಷಿನ್ ಇದೆ, ಇಲ್ಲೇ ಹೊಲ್ಕೊಳಿ. ಬೀದಿಯವ್ರನ್ನೆಲ್ಲ ಕರೀತೀನಿ, ಕೂತ್ಕೊಂಡ್ ಮುಗಿಸ್ಬಿಡೋಣ" ಅಂದಳು. ಹಾಗೆ ಹೇಳುತ್ತಲೇ ಸಾಸಿವೆ ಒಗ್ಗರಣೆ ಹಾಕಿದಳು. ಆ ಹೊಗೆ ನೋಡಿ ನನಗೆ ನಗು ಬಂತು. ಆ ಮನೆಯಲ್ಲಿ ಹೊಲಿದ ದಿಂಬನ್ನು ಇಂಗ್ರಿಡ್ ಮೂಸಿ ನೋಡಿದರೆ ಸಾಕು, ಬೋಗುಣಿ ಅವತ್ತೇ ವಿಮಾನ ಹತ್ತುತ್ತಿತ್ತು.

ಹಾಗಾಗಿ ಪ್ರದರ್ಶನ ನಡೆದ ಆ ವಾರಗಳಲ್ಲಿ ಕಟ್ಟಡದ ಮೇಲಿನ ಒಂದು ಬಿಸಿಲಿನ ಕೋಣೆಯಲ್ಲಿ ಹೊಲಿದೆ. ಬಟ್ಟೆಯನ್ನು ಮತ್ತೆ ಮತ್ತೆ ಬರೀ ನೀರಿನಲ್ಲಿ ಒಗೆದೆ. ಯೂನಸ್ ತನ್ನ ಹಿತ್ತಾಳೆ ಆಸರೆಗಳ ತೋಳುಗಳಿಗೆ ತಾನೇ ಮೆತ್ತೆ ಹೊಲಿಯಬೇಕೆಂದು ನನ್ನ ಪಕ್ಕ ಕೂತ. ಸೂಜಿ ಹಿಡಿದ ಅವನ ಕೈ ನೋಡಿದರೆ ಮೊಳೆ ಹೊಡೆಯುವ ಹಾಗಿತ್ತು. ಮೊದಲ ಮೆತ್ತೆ ನೋಡಿ ಸತೀಶ, "ಇದೇನ್ ಬ್ರದರ್, ಸಮೋಸಾನಾ?" ಅಂದ. ಯೂನಸ್ ಅದನ್ನು ಬಿಚ್ಚಿ ಮತ್ತೆ ಹೊಲಿದ. ನಾನು ದಾರವನ್ನು ಹೇಗೆ ಒಳಗೆ ಮರೆಮಾಡುವುದೆಂದು ತೋರಿಸಿದೆ. ಅವನು ಹಿತ್ತಾಳೆ ತಂತಿಯನ್ನು ಬಿಸಿ ಮಾಡಿ ಬಗ್ಗಿಸುವುದು ತೋರಿಸಿದ. ನನಗೆ ಅದು ಬರಲಿಲ್ಲ.

ಇಂಗ್ರಿಡ್ ಮೊದಲು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂರತೊಡಗಿದಳು. ಅರಿಶಿನ ಯಾಕೆ ಎಂದು ಕೇಳಿದಳು. ಹೊಸದು ಯಾವುದೂ ಬರಿಗೈಯಲ್ಲಿ ಮನೆಯಿಂದ ಹೊರಡಬಾರದು ಎಂದು ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ತನ್ನ ಅಪ್ಪನೂ ಹೊಸ ಪಾತ್ರೆಯಲ್ಲಿ ಒಂದು ಹರಳು ಉಪ್ಪು ಹಾಕಿಯೇ ಗಿರಾಕಿಗೆ ಕೊಡುತ್ತಿದ್ದರು ಎಂದು ಯೂನಸ್ ಹೇಳಿದ. "ನನ್ನ ಮುಂದೆ ಯಾರೂ ಉಪ್ಪು ತರಬೇಡಿ" ಎಂದು ಇಂಗ್ರಿಡ್ ಗಂಭೀರವಾಗಿ ಹೇಳಿದಳು. ತಮಾಷೆಯೆಂದು ನಮಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಒಂದು ಮಧ್ಯಾಹ್ನ ಅವಳು ಆ ಬೋಗುಣಿಯ ಕಾಲದ ಕಥೆ ಹೇಳಿದಳು. ಮೊಸುಲ್‌ನಲ್ಲಿ ಈ ಬೆಳ್ಳಿ ಕೆಲಸ ಬಲ್ಲ ಕಸಬುದಾರರು ಬಹಳ ಜನ ಇದ್ದರು. ಮಂಗೋಲರು ದಂಡೆತ್ತಿ ಬಂದರು. ಬಾಗ್ದಾದಿನ ಖಲೀಫನ ರಾಜ್ಯ ಮುಗಿಯಿತು, ಮೊಸುಲ್ ಕೂಡ ಬಿತ್ತು. ಆ ಹೊತ್ತಿಗಾಗಲೇ ಅನೇಕ ಕಸಬುದಾರರು ಡಮಾಸ್ಕಸ್ಸಿಗೆ, ಕೈರೋಗೆ ಹೋಗಿ ನೆಲೆ ಹುಡುಕಿಕೊಂಡಿದ್ದರು. ಮಾಮಲೂಕ ಸುಲ್ತಾನರ ಮನೆಗಳ ಪಾತ್ರೆಗಳನ್ನು ಅಲ್ಲಿ ಕೂತು ಮಾಡಿದರು. ಬೇರೆ ಊರಿನಲ್ಲಿ ಕೂತೂ ಹೆಸರು ಕೆತ್ತುವಾಗ ಮೊಸುಲ್‌ನವನು ಇಂಥವನು ಎಂದೇ ಕೆತ್ತುತ್ತಿದ್ದರು.

ಯೂನಸ್ ಸೂಜಿ ನಿಲ್ಲಿಸಿದ. "ಕೈರೋದಲ್ಲಿ ಕೂತು?"

"ಹೌದು. ಅವರ ಶಿಷ್ಯರೂ ಆ ಹೆಸರು ಇಟ್ಟುಕೊಂಡಿರಬಹುದು. ಆ ಹೆಸರಿಗೆ ಅಷ್ಟು ಬೆಲೆ ಇತ್ತು."

ಅವನು ಬಹಳ ಹೊತ್ತು ಹೊಲಿದ. ಆಮೇಲೆ, "ಹಾಗಾದರೆ ವೆಲ್ಷ್‌ಪೂಲ್‌ನಲ್ಲೂ ಕೂರಬಹುದು" ಅಂದ.

ಮಕ್ಕಳೇ, ನಾನು ಓದಿದವಳಲ್ಲ. ಸಾಮ್ರಾಜ್ಯಗಳು ಯಾಕೆ ಏಳುತ್ತವೆ, ಯಾಕೆ ಬೀಳುತ್ತವೆ ಎಂದು ನನಗೆ ಹೇಳಲು ಬಾರದು. ಆದರೆ ನಮ್ಮ ಮೇಷ್ಟ್ರು ಒಪ್ಪಿಸಿಕೊಳ್ಳುತ್ತಿದ್ದ ಪಟ್ಟಿಯಲ್ಲಿ ಒಬ್ಬ ರಾಜ ಸೋತ ಮೇಲೆ ಗೆರೆ ಎಳೆಯುತ್ತಿದ್ದೆವು. ಆ ಗೆರೆಯ ಈಚೆಗೂ ಜನ ಇದ್ದರು, ಅವರು ಉಪಕರಣ ಗಂಟು ಕಟ್ಟಿಕೊಂಡು ಎದ್ದರು, ಬೇರೆ ಊರಿನಲ್ಲಿ ಕುಲುಮೆ ಹೊತ್ತಿಸಿದರು ಎಂಬುದು ನನಗೆ ಆ ಬಿಸಿಲಿನ ಕೋಣೆಯಲ್ಲಿ ತಿಳಿಯಿತು. ಬಾಗ್ದಾದಿನ ಬಿಳಿ ಬಟ್ಟಲಿನ ಹೊಳಪು ಕೈರೋಗೆ ಹೋಯಿತು, ಅಲ್ಲಿಂದ ಸ್ಪೇನಿಗೆ ಹೋಯಿತು. ಹೊಳಪನ್ನು ಹೊತ್ತುಕೊಂಡು ಹೋದವರು ರಾಜರಲ್ಲ.

ಕಟ್ಟುವ ದಿನ ಇಂಗ್ರಿಡ್ ಪ್ರತಿ ದಿಂಬನ್ನೂ ತಿರುವಿ ನೋಡಿದಳು, ಹೊಲಿಗೆಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಮೂಸಿಯೂ ನೋಡಿದಳು. ಯೂನಸ್‌ನ ಆಸರೆಯನ್ನು ಬೋಗುಣಿಗೆ ಹಿಡಿದಳು. ಅದು ಎಲ್ಲಿಯೂ ಒತ್ತದೆ, ಎಲ್ಲಿಯೂ ಅಲ್ಲಾಡದೆ ಕೂತಿತು. ಅವಳು ಎರಡೂ ಪೆಟ್ಟಿಗೆಗಳ ಮೇಲೆ ಬ್ರಿಸ್ಬೇನ್ ಎಂಬ ಚೀಟಿಯನ್ನು ತಾನೇ ಅಂಟಿಸಿದಳು. ಸತೀಶ ಲಾರಿಯ ಬಾಗಿಲು ಹಾಕುವಾಗ, "ಈ ಸಲ ನಿಂಬೆಹಣ್ಣು ಕೂಡ ಇಟ್ಟಿಲ್ಲ ಆಂಟಿ, ದೇವ್ರೇ ಗತಿ" ಅಂದ.

ಬ್ರಿಸ್ಬೇನಿನಲ್ಲಿ ಹೊರಗೆ ಬೆವರು ಸುರಿಯುವ ಸೆಕೆ. ಪೆಟ್ಟಿಗೆಗಳು ಮಲಗಿ ಎದ್ದ ಮೇಲೆ ಬಿಚ್ಚಿದೆವು. ಬೋಗುಣಿ ಶುದ್ಧವಾಗಿತ್ತು. ದೀಪ ಶುದ್ಧವಾಗಿತ್ತು. ಪ್ರದರ್ಶನ ತೆರೆಯುವ ಹಿಂದಿನ ದಿನ ಮಧ್ಯಾಹ್ನ ಸಾಮಾನು ಇಳಿಸುವ ಕಟ್ಟೆಯ ಮೇಲೆ ನಾವೆಲ್ಲ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದೆವು. ಯೂನಸ್ ತಿನ್ನದೆ ಕಾಗದ ಮಡಿಚುತ್ತಿದ್ದ. ಮೂರನೆಯ ಊರಿನ ಕೆಲಸ ಮುಗಿಯುತ್ತಿದೆ ಎಂದು ಅವನಿಗೆ ಗೊತ್ತಿತ್ತು. ಜೂಡಿ ಬಾಯಿ ಒರೆಸಿಕೊಂಡು, ಅವನ ಕಡೆ ನೋಡದೆಯೇ ಹೇಳಿದಳು.

"ಸೋಮವಾರ ಬೆಳಿಗ್ಗೆ ವೆಲ್ಷ್‌ಪೂಲ್‌ಗೆ ಬಾ."

"ಯಾವ ಸೋಮವಾರ?"

"ಎಲ್ಲ ಸೋಮವಾರವೂ."

ಅವನು ಸ್ಯಾಂಡ್‌ವಿಚ್ ಬಿಚ್ಚಿ ತಿನ್ನತೊಡಗಿದ.

ಅದಾದ ಮೇಲೂ ನಾನು ಎಷ್ಟೋ ವರ್ಷ ಹೊಲಿದೆ. ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲು ಬೇರೆಯವರನ್ನು ಕರೆಯಬೇಕಾದಾಗ ಬಿಟ್ಟೆ. ಯೂನಸ್ ವೆಲ್ಷ್‌ಪೂಲ್‌ನಲ್ಲಿ ಬೇರೆಯವರಿಗೆ ಕಲಿಸುವಷ್ಟು ಬೆಳೆದ. ಆಮೇಲೆ ಅವನನ್ನು ಬ್ರಿಸ್ಬೇನಿನವರು ಕರೆಸಿಕೊಂಡರು.

ಧಾತ್ರಿ, ನೀನು ಮೊದಲ ದಿನ ಹೋದಾಗ ಲೋಹ ಕೆಲಸದ ಕೋಣೆಯಲ್ಲಿ ನರೆತ ಗಡ್ಡದ ಒಬ್ಬರು ನಿನ್ನ ಕೈ ತೋರಿಸು ಅನ್ನುತ್ತಾರೆ. ಅಲ್ಲಿನ ಮುಖ್ಯಸ್ಥರು ಅವರೇ. ನಿನ್ನನ್ನು ಆರಿಸುವಾಗ ನಿನ್ನ ಅಜ್ಜಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ, ಹೋದ ವಾರ ನಾನೇ ಹೇಳಿದೆ, ಆದ್ದರಿಂದ ಕೆಲಸ ನಿನ್ನದೇ ಸಂಪಾದನೆ. ಅವರು ಹೆಚ್ಚು ಮಾತಾಡುವುದಿಲ್ಲ. ತಪ್ಪಾದರೆ ಬಿಚ್ಚಿ ಮತ್ತೆ ಮಾಡು ಅನ್ನುತ್ತಾರೆ. ಬೇಸರ ಪಡಬೇಡ. ಗೊತ್ತಿಲ್ಲದ್ದನ್ನು ಮುಟ್ಟುವ ಮೊದಲು ಕೇಳು, ಬೇಡ ಅಂದರೆ ಬಿಡು. ಅಂಕಲ್ ಎಂದು ಕರೆದರೆ ಅವರಿಗೆ ಖುಷಿಯಾಗುತ್ತದೆ.

ಈ ಹಾಳೆಗಳನ್ನು ಓದಿದ ಮೇಲೆ ಮಡಿಸಬೇಡಿ, ಮಡಿಕೆಯಲ್ಲೇ ಕಾಗದ ಮೊದಲು ಸೀಳುವುದು. ಕ್ಲಿಪ್ಪು ಹಾಕಬೇಡಿ, ತುಕ್ಕು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲೂ ಬೇಡ. ಬಿಸಿಲು ಬೀಳದ ಕಡೆ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿಸಿಡಿ. ಋತ್ವಿಕ್, ಪೆಟ್ಟಿಗೆ ನಿನ್ನ ಹತ್ತಿರ ಇರಲಿ, ಧಾತ್ರಿ ಊರೂರು ತಿರುಗುವವಳು. ನಿಮ್ಮ ಮಕ್ಕಳಿಗೆ ಕನ್ನಡ ಬಾರದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ನೀವು ಓದಿ ಹೇಳಿ. ನಿಧಾನವಾಗಿಯೇ ಓದಿ, ಯಾರೂ ಅವಸರ ಮಾಡುವುದಿಲ್ಲ.